ಫಾಲೋ-ಅಪ್ ಸಂತೆ ದಿನಕ್ಕೆ ಬದಲಾಯಿಸಿದೆ, ಕೂಸುಗಳು ವಾಪಸ್ ಬಂದವು

ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಕೂಸುಗಳ ವಿಶೇಷ ಆರೈಕೆ ವಾರ್ಡ್‌ನಲ್ಲಿ, ನಾನು ನರ್ಸ್. ಹದಿನಾಲ್ಕು ವರ್ಷ ಆಯ್ತು. ಡಿಸ್ಚಾರ್ಜ್ ಆದ ಕೂಸು ಫಾಲೋ-ಅಪ್‌ಗೆ ಬರಲ್ಲ, ಅದು ನಮ್ಮ ಕೈಯಲ್ಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದರು. ಮೊದಲು ಹತ್ತರಲ್ಲಿ ನಾಲ್ಕು ಕೂಸು ಬಂದರೆ ಹೆಚ್ಚು. ಈಗ ಎಂಟು ಬರುತ್ತಿವೆ, ಕೆಲವು ತಿಂಗಳು ಒಂಬತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಶುರುವಾದದ್ದು ಒಂದು ಹೆಣ್ಣುಕೂಸಿನಿಂದ. ಹುಟ್ಟಿದಾಗ 1,450 ಗ್ರಾಂ ಇತ್ತು. ಒಂಬತ್ತೋ ಹತ್ತೋ ದಿನ ಆಕ್ಸಿಜನ್ ಮೇಲಿತ್ತು. ಚೆನ್ನಾಗಿ ತೂಕ ಹಾಕಿ ಮೂರು ವಾರಕ್ಕೆ ಮನೆಗೆ ಹೋಯಿತು. ಆರ್‌ಒಪಿ (ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣಿನ ಹಿಂಪರದೆ, ಅಂದರೆ ಅಕ್ಷಿಪಟಲ, ಹಾಳಾಗುವ ಕಾಯಿಲೆ) ಪರೀಕ್ಷೆಗೆ 28ನೇ ದಿನ ಬನ್ನಿ ಅಂತ ಚೀಟಿ ಬರೆದುಕೊಟ್ಟಿದ್ದು ನಾನೇ. ಅವರು ಬಂದದ್ದು ಐದನೇ ತಿಂಗಳಿಗೆ. "ದೀಪ ತೋರ್ಸಿದ್ರ ಕಣ್ಣು ತಿರುಗ್ಸವಲ್ದು ಸಿಸ್ಟರ್" ಅಂದಳು ತಾಯಿ. ಎರಡೂ ಕಣ್ಣಿನ ಅಕ್ಷಿಪಟಲ ಕಳಚಿತ್ತು. ನಾನು ಬರೆದ ಚೀಟಿ ಅವರ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿದ್ದು ಮಡಚಿದ ಹಾಗೇ ಇತ್ತು. ಆ ಚೀಟಿಯನ್ನು ನಾನು ಇಟ್ಟುಕೊಂಡಿದ್ದೇನೆ.

ತೀರಾ ಚಿಕ್ಕ ಕೂಸುಗಳು ತಿಂಗಳಾದರೂ ವಾರ್ಡ್‌ನಲ್ಲೇ ಇರುತ್ತವೆ, ಅವುಗಳ ಕಣ್ಣು ಒಳಗೇ ನೋಡಿ ಮುಗಿಯುತ್ತದೆ. ತಪ್ಪಿಹೋಗುವುದು ಹೆಚ್ಚಾಗಿ 1,500ರಿಂದ 2,000 ಗ್ರಾಂನವು. ಬೇಗ ಮನೆಗೆ ಹೋಗುತ್ತವೆ, ನೋಡಲು ಚೆನ್ನಾಗಿರುತ್ತವೆ. ಪರೀಕ್ಷೆಯ ದಿನ ಬಾಣಂತನದ ನಡುವೆ ಬೀಳುತ್ತದೆ. ತಿಂಗಳ ಬಾಣಂತಿಯನ್ನು ಯಾರು ಹೊರಗೆ ಕಳಿಸ್ತಾರೆ?

ಮೊದಲು ಫೋನ್ ಮಾಡಿದೆ. ಒಂದು ವರ್ಷ ಮಾಡಿದೆ. ರೀಚಾರ್ಜ್‌ಗೆ ತಿಂಗಳಿಗೆ ಸುಮಾರು 300 ರೂಪಾಯಿ ನನ್ನ ಕೈಯಿಂದ. ನಂಬರ್ ಗಂಡನದು, ಗಂಡ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ. "ಹೂಂ ರೀ, ಹೇಳ್ತೀನ್ರಿ" ಅನ್ನುತ್ತಿದ್ದ, ಅಷ್ಟೇ.

ಆಮೇಲೆ ಬಣ್ಣದ ಕಾರ್ಡ್. ದಾನಿಯೊಬ್ಬರು ನಾಲ್ಕು ಸಾವಿರ ಕೊಟ್ಟರು, ಐನೂರು ಕಾರ್ಡ್ ಪ್ರಿಂಟ್ ಆಯ್ತು. ಅರ್ಧಕ್ಕಿಂತ ಜಾಸ್ತಿ ಇನ್ನೂ ಬೀರುವಿನಲ್ಲಿವೆ. ಮೂರನೆಯದು ದಾರಿ ಖರ್ಚು. ಬಂದವರಿಗೆ 200 ರೂಪಾಯಿ ಅಂತ ಗೊತ್ತು ಮಾಡಿದೆವು. ಎರಡು ತಿಂಗಳಲ್ಲಿ ಹದಿನೈದು ಸಾವಿರದ ಹತ್ತಿರ ಖರ್ಚಾಗಿ ದುಡ್ಡು ಮುಗಿಯಿತು. ಅದರಲ್ಲೂ ಬಂದವರು ಹತ್ತಿರದ ಊರಿನವರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಹೆಂಗಸರಿಗೆ ಬಸ್ ಪುಕ್ಕಟೆ, ಇನ್ನು ಬರುತ್ತಾರೆ ಅಂದುಕೊಂಡೆ. ಆದರೆ ನಮ್ಮ ದೂರದ ಊರುಗಳಿಗೆ ದಿನಕ್ಕೆ ಬಸ್ಸೇ ಎರಡು. ಆ ರಶ್ಶಿನಲ್ಲಿ ಹಸಿಗೂಸು ಹಿಡಿದು ಯಾರು ಹತ್ತುತ್ತಾರೆ?

ದಾರಿ ತೋರಿಸಿದವಳು ಒಬ್ಬ ಅಜ್ಜಿ. ಯಾಕೆ ಬರಲಿಲ್ಲ ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. "ನೀವು ಬುಧವಾರ ಅಂದ್ರಿ. ನಮ್ಮೂರ ಟಂಟಂ ಮಂಗಳವಾರ ಸಂತಿಗಷ್ಟ ಬರ್ತೈತ್ರಿ" ಅಂದಳು.

ಅಷ್ಟೇ ಇತ್ತು ನೋಡಿ. ಗಾಡಿ ಹೇಗೂ ಬರುತ್ತದೆ, ಮನೆಯ ಗಂಡಸೂ ಜೊತೆಗಿರುತ್ತಾನೆ, ಒಂದು ದಿನದ ಕೂಲಿ ಬೇರೆಯಾಗಿ ಹೋಗಲ್ಲ. ಫಾಲೋ-ಅಪ್ ದಿನವನ್ನು ಮಂಗಳವಾರಕ್ಕೆ ತರಬೇಕು ಅಂತ ಹಟ ಹಿಡಿದೆ. ಸಂತೆ ದಿನ ಓಪಿಡಿಯಲ್ಲಿ ಕಾಲಿಡಲು ಜಾಗ ಇರಲ್ಲ, ಕೂಸಿಗೆ ಸೋಂಕು ತಗುಲುತ್ತದೆ ಅಂತ ದೊಡ್ಡ ಡಾಕ್ಟರು ಒಪ್ಪಲಿಲ್ಲ. ಅವರ ಮಾತು ಸರಿಯೇ ಇತ್ತು. ಕೂಸುಗಳ ಬೆಳವಣಿಗೆ ತಪಾಸಣೆ ಮಾಡುವ ಡಿಇಐಸಿ ಕೋಣೆಗೆ ಹಿಂದಿನಿಂದ ಒಂದು ಬಾಗಿಲಿತ್ತು, ಹಳೆ ಮಂಚಗಳನ್ನು ಅಡ್ಡ ಪೇರಿಸಿದ್ದರು. ನಾನೂ ಆಯಾ ಅಕ್ಕನೂ ಎರಡು ಮಧ್ಯಾಹ್ನ ಕೂತು ಖಾಲಿ ಮಾಡಿದೆವು. ಕೂಸುಗಳು ಓಪಿಡಿ ಸಾಲು ನೋಡದೆ ನೇರ ಒಳಗೆ ಬರುತ್ತವೆ. ಖರ್ಚು ಸೊನ್ನೆ.

ಕಣ್ಣಿನ ತಂಡದ ದಿನ ಬದಲಾಯಿಸಲು ಏಳೆಂಟು ತಿಂಗಳು ಹಿಡಿಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಅಂತ ಕ್ಯಾಮೆರಾ ಗಾಡಿಯಲ್ಲಿ ಇಟ್ಟುಕೊಂಡು ಹಳ್ಳಿ ಕಡೆ ಹೋಗಿ ಕೂಸುಗಳ ಕಣ್ಣು ನೋಡುತ್ತಿದ್ದಾರೆ. ತಂಡವೇ ಕೂಸಿನ ಹತ್ತಿರ ಹೋಗಬಹುದು ಅಂದಮೇಲೆ ವಾರ ಬದಲಾಯಿಸುವುದು ದೊಡ್ಡದಲ್ಲ ಅಂತ ವಾದ ಮಾಡಿದೆ. ಕೊನೆಗೆ ಯಾರನ್ನು ಹಿಡಿದು ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ.

ಎರಡನೆಯ ಕೆಲಸ ಅಜ್ಜಿಯದು. ನಾವೆಲ್ಲ ಡಿಸ್ಚಾರ್ಜ್ ಪಾಠ ತಾಯಿಗೆ ಹೇಳುತ್ತೇವೆ. ಇಪ್ಪತ್ತು ವರ್ಷದ ಹುಡುಗಿ, ತವರಿಗೆ ಹೋದ ಮೇಲೆ ಅವಳ ಮಾತು ಯಾರು ಕೇಳ್ತಾರೆ? ಬಾಣಂತನ ಮಾಡುವವಳು ಅವಳವ್ವ. ಹೊರಗೆ ಕಳಿಸದೆ ತಡೆಯುವವರೇ ಈ ಅಜ್ಜಿಯರು, ಅವರನ್ನೇ ನಂಬ್ತೀಯಾ ಅಂತ ಜೊತೆಯ ಸಿಸ್ಟರ್ ಕೇಳಿದಳು. ತಡೆಯುವ ಶಕ್ತಿ ಇರುವವರಿಗೆ ಕರೆತರುವ ಶಕ್ತಿಯೂ ಇರುತ್ತದೆ ಅಂದೆ. ಈಗ ತವರಿನ ಅಜ್ಜಿ ಎರಡು ದಿನ ಬಂದು, ಕೂಸನ್ನು ತನ್ನ ಎದೆಗೆ ಕಟ್ಟಿಕೊಂಡು ಕಾಂಗರೂ ಆರೈಕೆ ಮಾಡಿದ ಮೇಲೆಯೇ ಡಿಸ್ಚಾರ್ಜ್. ಆ ಸಣ್ಣ ಉಸಿರು ಒಮ್ಮೆ ಎದೆಗೆ ತಾಗಿದರೆ ಅಜ್ಜಿ ಬೇರೆಯೇ ಹೆಂಗಸಾಗುತ್ತಾಳೆ. ಅಗ್ಗಿಷ್ಟಿಕೆ ಹೊಗೆ, ದಿನಾ ಎಣ್ಣೆ ಸ್ನಾನ ಬೇಡ ಅಂತ ಆಗ ಹೇಳಿದರೆ ನಾಟುತ್ತದೆ. ತಾರೀಖು ಹೇಳಲ್ಲ. "ಎರಡು ಸಂತಿ ಬಿಟ್ಟು ಮೂರನೇ ಸಂತಿಗೆ ಬಾ ಯವ್ವಾ" ಅನ್ನುತ್ತೇನೆ. ಮುಂಚೆಯೇ ಅಮಾವಾಸ್ಯೆ ನೋಡಿಕೊಂಡಿರುತ್ತೇನೆ. ಅಡ್ಡ ಬಂದರೆ ಒಂದು ಸಂತೆ ಹಿಂದಕ್ಕೆ ತರುತ್ತೇನೆ, ಮುಂದಕ್ಕೆ ಮಾತ್ರ ಹಾಕಲ್ಲ. ಅಜ್ಜಿಗೆ ಕೊನೆಯಲ್ಲಿ ಇನ್ನೊಂದು ಮಾತು ಹೇಳಿ ಕಳಿಸುತ್ತೇನೆ. ಅದು ನನ್ನಲ್ಲೇ ಇರಲಿ, ವಾರ್ಡ್‌ಗೆ ಬಂದವರಿಗೆ ತೋರಿಸುತ್ತೇನೆ.

ತಾಯಿ ಕಾರ್ಡ್‌ನಲ್ಲಿ ಗಂಡನ ಊರಿರುತ್ತದೆ, ಕೂಸು ಇರುವುದು ತವರಲ್ಲಿ. ಆಶಾ ಅಕ್ಕ 3, 7, 14, 21, 28, 42ನೇ ದಿನದ ಭೇಟಿಗೆ ಗಂಡನ ಊರಲ್ಲಿ ಹುಡುಕಿದರೆ ಸಿಗುವುದು ಬೀಗ. ಈಗ ತವರೂರಿನ ಆಶಾಗೆ ವಾರ್ಡ್‌ನಿಂದಲೇ ಫೋನ್ ಹಚ್ಚಿ, ಅಜ್ಜಿ ಜೊತೆ ಮಾತಾಡಿಸಿ ಕಳಿಸುತ್ತೇವೆ.

ನಡುವೆ ಒಳಲೆಯದೂ ಒಂದು ಪ್ರಯತ್ನ ಮಾಡಿದೆ. ಮನೆಯಿಂದ ತರುವ ಬೆಳ್ಳಿ ಒಳಲೆಯಲ್ಲಿ ಹಾಲು ಜಾಸ್ತಿ ಚೆಲ್ಲುತ್ತದೆ ಅಂತ ನಾವು ಸ್ಟೀಲಿನದೇ ಕೊಡುತ್ತಿದ್ದೆವು. ಕೂಸಿನ ಕೊರಳ ಕೆಳಗಿನ ಬಟ್ಟೆಯನ್ನು ಕುಡಿಸುವ ಮುಂಚೆ, ಕುಡಿಸಿದ ಮೇಲೆ ತೂಕ ಮಾಡಿದೆ. ಹತ್ತು ಹನ್ನೆರಡು ಕೂಸು ನೋಡಿದೆ. ಅಂಥ ವ್ಯತ್ಯಾಸ ಕಾಣಲಿಲ್ಲ. ಅಜ್ಜಿಯ ಕೈಗೆ ಪಳಗಿದ್ದೇ ಒಳ್ಳೆಯದು. ಕುದಿಸುವುದನ್ನು ಮಾತ್ರ ಎದುರಿಗೆ ಮಾಡಿಸಿ ನೋಡುತ್ತೇನೆ.

ಹೋದ ವರ್ಷ ಮೂರು ಕೂಸಿಗೆ ಸಮಯಕ್ಕೆ ಕಣ್ಣಿನ ಲೇಸರ್ ಚಿಕಿತ್ಸೆ ಆಯ್ತು. ಮೂರೂ ನೋಡುತ್ತವೆ. ಒಂದಂತೂ ನನ್ನ ಕನ್ನಡಕಕ್ಕೇ ಕೈ ಹಾಕುತ್ತದೆ.

ಇನ್ನೂ ಆಗದೇ ಉಳಿದದ್ದು ವರ್ಷದ ಫಾಲೋ-ಅಪ್. ಐದನೇ ತಿಂಗಳಿಗೆ ತಾಯಿ ಗಂಡನ ಮನೆಗೆ ಹೋಗುತ್ತಾಳೆ, ಅಲ್ಲಿ ಬೇರೆ ಅಜ್ಜಿ, ಬೇರೆ ಸಂತೆ. ಕುತ್ತಿಗೆ ನಿಂತಿತೋ, ಕಾಲು ಬಿಗಿಯೋ, ಕಿವಿ ಕೇಳುತ್ತದೋ ಅಂತ ನೋಡಬೇಕಾದ ಹೊತ್ತಿಗೆ ಕೂಸು ಮತ್ತೆ ಕಣ್ಮರೆ. ಈಗ ತವರಜ್ಜಿಯಿಂದಲೇ ಬೀಗತಿಗೆ ಫೋನ್ ಮಾಡಿಸುತ್ತಿದ್ದೇನೆ. ಶುರು ಮಾಡಿ ಮೂರು ತಿಂಗಳಾಯ್ತು. ಹೋದ ಮಂಗಳವಾರ ಇಬ್ಬರು ಬೀಗತಿಯರೂ ಒಂದೇ ಟಂಟಂನಲ್ಲಿ ಕೂಸನ್ನು ಕರೆತಂದಿದ್ದರು.