ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಆ್ಯಪ್ ಮಾಡ್ತೀರಾ? ಫಾರಂ ಬೇಡ

ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವವರಿಗೆ ಆ್ಯಪ್ ಮಾಡಲು ಹೊರಟವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ಇವತ್ತು ಎಷ್ಟು ತಿಂದರು, ಎಷ್ಟು ಮಲಗಿದರು, ಮೂಡ್ ಹೇಗಿತ್ತು ಅಂತ ದಿನಾ ತುಂಬಿಸುವ ಫಾರಂ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮನೆಯವರು ಈ ಆರೈಕೆಗೆ ದಿನಕ್ಕೆ ಸರಾಸರಿ 5 ಗಂಟೆ ಕೊಡುತ್ತಾರೆ. ಅದರ ಮೇಲೆ ನಿಮ್ಮ ಫಾರಂ ಬೇರೆ! ಸ್ವಲ್ಪ ದಿನ ತುಂಬುತ್ತಾರೆ, ಆಮೇಲೆ ಡಿಲೀಟ್. ಹಾಗಾಗಿ ಪ್ರತಿ ಫೀಚರ್‌ಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಅವರ ಯಾವ ಕೆಲಸ ಕಡಿಮೆಯಾಗುತ್ತದೆ?

ಉತ್ತರ ಆಫೀಸಲ್ಲಿ ಸಿಗಲ್ಲ. ಒಪ್ಪಿಗೆ ಪಡೆದು ಒಂದು ಮನೆಯಲ್ಲಿ ಸಂಜೆಯಿಂದ ರಾತ್ರಿವರೆಗೆ ಕೂತು ನೋಡಿ. ಬೆಳಗ್ಗೆ ಹೋದರೆ ಎಲ್ಲ ಸರಿಯಾಗೇ ಕಾಣಬಹುದು, ಯಾಕಂದ್ರೆ ಈ ಕಾಯಿಲೆ ಇರುವ ಎಷ್ಟೋ ಜನರಿಗೆ ಗಲಿಬಿಲಿ, ಚಡಪಡಿಕೆ ಜಾಸ್ತಿ ಆಗೋದು ಹೊತ್ತು ಇಳಿದ ಮೇಲೆ. ‘ನಿಮಗೆ ಏನು ಬೇಕು?’ ಅಂತ ಸುಮ್ನೆ ಕೇಳಬೇಡಿ. ‘ನಿನ್ನೆ ರಾತ್ರಿ ಎಷ್ಟು ಸಲ ಎದ್ರಿ?’ ಅಂತ ಕೇಳಿ, ಕತೆ ತಾನಾಗೇ ಬರುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದದ್ದು, ಕಾಯಿಲೆಯವರು ಬಾಗಿಲು ತೆಗೆದು ಹೊರಟರೆ ಎಚ್ಚರಿಸುವ ಅಲಾರಂ ಬಗ್ಗೆ. ರಾತ್ರಿ 2:40ಕ್ಕೆ ಫೋನ್ ಹೊಡೆದುಕೊಳ್ಳುತ್ತದೆ ಅಂದುಕೊಳ್ಳಿ. ನಿದ್ದೆಗಣ್ಣಲ್ಲಿ ಎದ್ದವರಿಗೆ ಯಾವ ಬಾಗಿಲು, ಎಷ್ಟು ಹೊತ್ತಾಯ್ತು, ಮತ್ತೆ ಮುಚ್ಚಿತಾ ಇಲ್ವಾ, ಇಷ್ಟು ಗೊತ್ತಾದರೆ ಸಾಕು. ಅದಕ್ಕೂ ಪಾಸ್‌ವರ್ಡ್ ಹಾಕಿ, ಆ್ಯಪ್ ಒಳಗೆ ಹೋಗಿ, ಮೆನು ತೆಗೆದು ಹುಡುಕಬೇಕು ಅಂದ್ರೆ ಅಷ್ಟರಲ್ಲಿ ಆ ಮನುಷ್ಯ ಬೀದಿ ದಾಟಿರುತ್ತಾರೆ. ‘ಹಿಂದಿನ ಬಾಗಿಲು, 1 ನಿಮಿಷದಿಂದ ತೆರೆದಿದೆ’ ಅಂತ ಲಾಕ್ ಸ್ಕ್ರೀನ್ ಮೇಲೇ ದೊಡ್ಡದಾಗಿ ಬರಲಿ. ಬಾತ್‌ರೂಮಿಗೆ ಎದ್ದರೂ ಇದೇ ಸದ್ದು ಬಂದರೆ ಮೂರನೇ ರಾತ್ರಿಗೆ ಫೋನ್ ಸೈಲೆಂಟ್. ‘ತೋಳ ಬಂತು ತೋಳ’ ಕತೆ ಗೊತ್ತಲ್ವಾ?

ಎಲ್ಲಿದ್ದಾರೆ ಅಂತ ತೋರಿಸುವ ಜಿಪಿಎಸ್ ವಾಚ್ ಕೂಡ ಹಾಗೇ. ಬಯಲಲ್ಲಿ ಕೆಲವೇ ಮೀಟರ್ ಆಚೀಚೆ ತೋರಿಸುತ್ತದೆ, ಕಟ್ಟಡದ ಒಳಗೆ ಲೆಕ್ಕವೇ ತಪ್ಪುತ್ತದೆ. ‘ಇದನ್ನು ದಾಟಿದರೆ ಅಲಾರಂ’ ಅಂತ ಆ್ಯಪ್‌ನಲ್ಲಿ ಮನೆ ಸುತ್ತ ತೀರಾ ಚಿಕ್ಕ ಗಡಿ ಹಾಕಿದರೆ ಕುರ್ಚಿಯಲ್ಲಿ ಕೂತವರೂ ‘ಕಾಣೆ’ ಆಗುತ್ತಾರೆ. ಚಾರ್ಜ್ ಮಾಡೋದು ಯಾರ ಕೆಲಸ ಅಂತಲೂ ಯೋಚಿಸಿ, ವಾಚ್ ಕಟ್ಟಿಕೊಂಡವರಿಗೆ ಅದು ನೆನಪಿರಲ್ಲ.

ಇನ್ನು ಮಾತ್ರೆ. ಮಗ ಕೊಟ್ಟು ಹೋಗಿರುತ್ತಾನೆ, ಮಗಳು ಬಂದು ಕೇಳಿದರೆ ಕಾಯಿಲೆಯವರು ‘ಯಾರೂ ಕೊಟ್ಟಿಲ್ಲ’ ಅನ್ನುತ್ತಾರೆ, ಅವಳು ಇನ್ನೊಂದು ಸಲ ಕೊಡುತ್ತಾಳೆ. ಇಲ್ಲಿ ನೆನಪಿಸುವ ಗಂಟೆ ಇದ್ದರೂ ಉಪಯೋಗ ಇಲ್ಲ. ‘ಕೊಟ್ಟಾಯ್ತು’ ಅಂತ ಒಂದು ಬಟನ್ ಇರಲಿ, ಒತ್ತಿದ ಕೂಡಲೇ ಯಾರು, ಎಷ್ಟು ಗಂಟೆಗೆ ಅಂತ ಎಲ್ಲರ ಫೋನಲ್ಲೂ ಕಾಣಲಿ. ಬಟನ್ ದೊಡ್ಡದಿರಲಿ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಇರುತ್ತದೆ.

ಕ್ಯಾಮೆರಾ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬಾಗಿಲಿಗೋ ಹಾಸಿಗೆಗೋ ಸೆನ್ಸರ್ ಇಟ್ಟರೆ ಸಾಕಾಗುವ ಕಡೆ ಕ್ಯಾಮೆರಾ ಬೇಡ. ಬೇಕೇ ಬೇಕು ಅಂದರೆ, ಕಾಯಿಲೆಯವರಿಗೆ ಇನ್ನೂ ಅರ್ಥವಾಗುವ ಹಂತದಲ್ಲೇ ಅವರನ್ನೇ ಕೇಳಿ.

ಅವರೇ ಮುಟ್ಟುವ ಸ್ಕ್ರೀನ್ ಏನಾದರೂ ಇದ್ದರೆ, ಅಪ್‌ಡೇಟ್ ಹೆಸರಲ್ಲಿ ಬಟನ್‌ಗಳ ಜಾಗ ಬದಲಿಸಬೇಡಿ. ನಿಮಗೆ ಅದು ಹೊಸ ಡಿಸೈನ್. ಅವರಿಗೆ ಮಾತ್ರ ಮಗಳಿಗೆ ಫೋನ್ ಮಾಡುವ ಆ ಹಸಿರು ಬಟನ್ ರಾತ್ರೋರಾತ್ರಿ ಮಾಯ.