ಸೈಕಲ್ಲಿನಲ್ಲಿ ಆಗುಂಬೆ ಘಾಟಿ ಹತ್ತುವುದು ಹೇಗೆ?

ಆಗುಂಬೆ ಘಾಟಿಯ ಕೆಳಗಿನ ತಿರುವುಗಳಲ್ಲಿ ತಡೆಗೋಡೆಗೆ ಸೈಕಲ್ ಒರಗಿಸಿ, ತಲೆ ತಗ್ಗಿಸಿ ಕುಳಿತ ಸವಾರರನ್ನು ಪ್ರತಿ ಚಳಿಗಾಲದಲ್ಲೂ ಕಾಣುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಕಾಲಿನ ಕಸುವು ಕಡಿಮೆಯಿರುವುದಿಲ್ಲ. ಏರಿನ ಮೊದಲ ಒಂದೆರಡು ಕಿಲೋಮೀಟರನ್ನು ಸಮತಟ್ಟಾದ ರಸ್ತೆಯ ಹುಮ್ಮಸ್ಸಿನಲ್ಲೇ ತುಳಿದು ಬಂದಿರುತ್ತಾರೆ, ಅಷ್ಟೇ.

ಉಡುಪಿಯಿಂದ ಆಗುಂಬೆಗೆ ಸುಮಾರು 55 ಕಿ.ಮೀ. ದಾರಿ. ಸೋಮೇಶ್ವರ ದಾಟಿದ ಮೇಲೆ ಶುರುವಾಗುವ ಘಾಟಿಯಲ್ಲಿ 14 ಕಡಿದಾದ ತಿರುವುಗಳಿವೆ. ಡಿಸೆಂಬರ್ ಅಥವಾ ಜನವರಿಯನ್ನೇ ಆರಿಸಿಕೊಳ್ಳಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿಗೆ ಆಷಾಢದಲ್ಲಿ ಸೈಕಲ್ ತುಳಿಯುವುದು ಸಾಹಸವಲ್ಲ, ಹಟ; ಪಾಚಿ ಕಟ್ಟಿದ ರಸ್ತೆಯಂಚಿನಲ್ಲಿ ಯಾವ ಟಯರೂ ನಿಲ್ಲುವುದಿಲ್ಲ.

ಮೊದಲು ಗೇರಿನ ಲೆಕ್ಕ. ಮುಂದಿನ ಹಲ್ಲುಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲೂ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 2.1 ಮೀಟರ್ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ ಸಿಗುತ್ತದೆ. ಘಾಟಿಗೆ ಇದು ಧಾರಾಳವಾಯಿತು. ಮುಂದೆ 44, ಹಿಂದೆ 18 ಹಲ್ಲಿನ ಗೇರಿಲ್ಲದ ಸೈಕಲ್ಲಿನಲ್ಲಿ ಅದೇ ಒಂದು ಸುತ್ತಿಗೆ ಐದು ಮೀಟರಿಗೂ ಹೆಚ್ಚು ದೂರವನ್ನು ಮಂಡಿಯೇ ಎಳೆಯಬೇಕು. ಅಂಥ ಸೈಕಲ್ಲಿನಲ್ಲಿ ಹತ್ತಿದವರಿಲ್ಲವೆಂದಲ್ಲ, ಆದರೆ ಮರುದಿನವೂ ತುಳಿಯಬೇಕಾದ ಪ್ರವಾಸಿಗೆ ಅದು ಸಲ್ಲದು. ಸೀಟಿನ ಮೇಲೆ ಹಾಕುವ ಮೆತ್ತನೆಯ ಜೆಲ್ ಕವರನ್ನು ದಯವಿಟ್ಟು ಕೊಳ್ಳಬೇಡಿ. ನಾನು ಕೊಂಡದ್ದು ಏರಿನಲ್ಲಿ ಜರುಗಿ ಜರುಗಿ ತೊಡೆಯ ಚರ್ಮವನ್ನೇ ಸುಲಿದಿತ್ತು. ಸಾಮಾನು ಬೆನ್ನಿನ ಮೇಲೆ ಬೇಡ, ಕ್ಯಾರಿಯರಿನ ಎರಡೂ ಬದಿಗೆ ಸಮನಾಗಿ ತೂಗಲಿ.

ಬೆಳಕು ಹರಿಯುತ್ತಿದ್ದಂತೆ ಉಡುಪಿ ಬಿಡಿ. ಮಣಿಪಾಲದ ಏರು ಹೊರಟ ಕೂಡಲೇ ಎದುರಾಗುತ್ತದೆ, ಅಲ್ಲಿ ಯಾರ ಜೊತೆಗೂ ಪೈಪೋಟಿಗೆ ಬೀಳಬೇಡಿ. ಹಿರಿಯಡ್ಕ, ಪೆರ್ಡೂರುಗಳ ಏರಿಳಿತ ದಾಟಿ ಹೆಬ್ರಿಯಲ್ಲಿ ಬನ್ಸ್ ಅಥವಾ ನೀರುದೋಸೆ ತಿಂದು, ಅರ್ಧ ಗಂಟೆ ಕುಳಿತೇ ಏಳಿ.

ಇನ್ನು ಎಲ್ಲರೂ ಕೆಡಿಸಿಕೊಳ್ಳುವ ಭಾಗ. ಏರು ಆರಂಭವಾಗುವ ಮೊದಲೇ, ಚೈನಿನ ಮೇಲೆ ಒತ್ತಡವಿಲ್ಲದಿರುವಾಗ, ಹಗುರ ಗೇರಿಗೆ ಬಂದುಬಿಡಿ. ಏರಿನ ಮಧ್ಯದಲ್ಲಿ ಪೂರ್ತಿ ಭಾರ ಹಾಕಿ ತುಳಿಯುತ್ತಲೇ ಗೇರು ಬದಲಿಸಿದರೆ ಚೈನು ಕಟಕಟನೆ ಸದ್ದು ಮಾಡಿ ಕಳಚಿಕೊಳ್ಳುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಮೊದಲ ಎರಡು ಕಿಲೋಮೀಟರಿನಲ್ಲಿ ‘ಇದೇನು ಇಷ್ಟು ನಿಧಾನ’ ಎಂದು ನಿಮಗೇ ನಾಚಿಕೆಯಾಗಬೇಕು. ಪಕ್ಕದ ಸವಾರನೊಂದಿಗೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಉಸಿರು ಸಾಲಬೇಕು. ಮಾತು ತುಂಡಾಗತೊಡಗಿದರೆ ವೇಗ ಇಳಿಸಿ. ಆಗಾಗ ಎದ್ದು ನಿಂತು ತುಳಿಯುವ ಚಟ ಹಲವರಿಗಿದೆ. ಬೆನ್ನು ಸಡಿಲಿಸಲು ಹತ್ತಿಪ್ಪತ್ತು ಸುತ್ತು ನಿಂತು ತುಳಿಯುವುದು ಸರಿ. ಉಳಿದ ಹೊತ್ತು ಸೀಟು ಬಿಟ್ಟು ಏಳದೆ, ಭುಜ ಸಡಿಲಬಿಟ್ಟು, ಹ್ಯಾಂಡಲನ್ನು ಮೆಲ್ಲಗೆ ಹಿಡಿದಿರಬೇಕು.

ತಿರುವುಗಳಲ್ಲಿ ಎಡ ಮತ್ತು ಬಲ ಒಂದೇ ಅಲ್ಲ. ನಾವು ಎಡಬದಿಯಲ್ಲಿ ಸಾಗುವುದರಿಂದ ಬಲತಿರುವಿನಲ್ಲಿ ಹೊರಅಂಚು ನಮ್ಮ ಪಾಲಿಗೆ ಬರುತ್ತದೆ, ಅಲ್ಲಿ ಏರು ಮಂದ. ಉಸಿರು ತಿರುಗಿಸಿಕೊಳ್ಳುವ ಜಾಗ ಅದೇ. ಎಡತಿರುವಿನಲ್ಲಿ ಒಳಅಂಚು ನಮ್ಮದು. ಒಳಗಿನ ದಾರಿ ಗಿಡ್ಡ, ಏರಬೇಕಾದ ಎತ್ತರ ಮಾತ್ರ ಅಷ್ಟೇ, ಆದ್ದರಿಂದ ಆ ಕೆಲವು ಮೀಟರುಗಳಲ್ಲಿ ರಸ್ತೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ತಿರುವಿಗೆ ಇಪ್ಪತ್ತು ಮೀಟರ್ ಇರುವಾಗಲೇ ಇನ್ನೊಂದು ಗೇರು ಇಳಿಸಿ, ಹಿಂದೆ ನೋಡಿ, ಮೇಲಿನಿಂದ ವಾಹನದ ಸದ್ದಿದೆಯೇ ಎಂದು ಕಿವಿಗೊಡಿ. ರಸ್ತೆ ಖಾಲಿಯಿದ್ದರೆ ನಿಮ್ಮ ಪಥದೊಳಗೇ ಮಧ್ಯರೇಖೆಯತ್ತ ಸ್ವಲ್ಪ ಸರಿದು ಅಗಲವಾಗಿ ತಿರುಗಿ. ವಾಹನವಿದ್ದರೆ ಸೈಕಲ್ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ನಿಂತವರಿಗೆ ಮತ್ತೆ ಹೊರಡುವುದೇ ದೊಡ್ಡ ಪೀಕಲಾಟ. ತಿರುವಿನಲ್ಲಿ ಎಂದೂ ನಿಲ್ಲಬೇಡಿ. ಎರಡು ತಿರುವುಗಳ ನಡುವಿನ ನೇರ ಜಾಗದಲ್ಲಿ ಅಂಚಿಗೆ ನಿಲ್ಲಿ. ಹೊರಡುವಾಗ ಎರಡೂ ಬ್ರೇಕು ಹಿಡಿದು, ಒಂದು ಪೆಡಲನ್ನು ಮುಂದಕ್ಕೆ, ಮೇಲ್ಭಾಗದಿಂದ ಕೊಂಚ ಕೆಳಗೆ ತಂದಿಟ್ಟುಕೊಳ್ಳಿ. ರಸ್ತೆ ಖಾಲಿಯಾದ ಮೇಲೆ ಹ್ಯಾಂಡಲನ್ನು ಓರೆಯಾಗಿಸಿ, ಬ್ರೇಕು ಬಿಡುತ್ತಲೇ ಆ ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿ, ಅದೇ ಉಸಿರಿನಲ್ಲಿ ಸೀಟಿಗೆ ಬನ್ನಿ. ಇದನ್ನು ಮನೆ ಹತ್ತಿರದ ಯಾವುದಾದರೂ ಏರಿನಲ್ಲಿ ಹತ್ತು ಸಲ ಅಭ್ಯಾಸ ಮಾಡದೆ ಘಾಟಿಗೆ ಬರಬೇಡಿ.

ಬಾಯಾರುವ ಮೊದಲೇ ಗುಟುಕು ಗುಟುಕಾಗಿ ನೀರು ಕುಡಿಯಿರಿ; ಒಂದು ಬಾಟಲಿಯಲ್ಲಿ ಉಪ್ಪು, ಬೆಲ್ಲ, ನಿಂಬೆರಸದ ನೀರಿರಲಿ. ಬಣ್ಣದ ಡಬ್ಬಿಯ ಎನರ್ಜಿ ಪಾನೀಯಗಳು ಏರಿನಲ್ಲಿ ಹೊಟ್ಟೆ ಉಬ್ಬರಿಸುವುದನ್ನು ಬಿಟ್ಟು ನನಗೆ ಬೇರೇನನ್ನೂ ಮಾಡಿಲ್ಲ. ಬಾಳೆಹಣ್ಣನ್ನು ಚೀಲದೊಳಗೇ ಇಡಿ, ಕ್ಯಾರಿಯರಿಗೆ ಸಿಕ್ಕಿಸಿದರೆ ಮಂಗಗಳ ಪಾಲಾಗುತ್ತದೆ. ಸೂರ್ಯಾಸ್ತ ವೀಕ್ಷಣಾ ಕಟ್ಟೆಯ ಬಳಿ ನಿಂತು ಕರಾವಳಿಯತ್ತ ನೋಡುವ ಆಸೆಯಿದ್ದರೆ ಬೆವರಿನ ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡೇ ನಿಲ್ಲಿ. ಮೈ ತಣ್ಣಗಾದರೆ ತೊಡೆಯ ಸ್ನಾಯು ಸೆಟೆದುಕೊಳ್ಳುತ್ತದೆ.

ಆಗುಂಬೆ ತಲುಪಿ ಬಿಸಿ ಕಷಾಯ ಕುಡಿದ ಮೇಲೂ ಅಂದಿನ ಸವಾರಿ ಮುಗಿಯುವುದಿಲ್ಲ. ತೀರ್ಥಹಳ್ಳಿಗೆ ಇನ್ನೂ ಸುಮಾರು 30 ಕಿ.ಮೀ. ಇದೆ, ಅದೂ ಏರಿಳಿತದ ದಾರಿ. ಹೊರಡುವ ಮೊದಲು ಬ್ರೇಕಿನ ಕೇಬಲ್ಲನ್ನು ಒಮ್ಮೆ ಎಳೆದು ನೋಡಿ, ಸಂಜೆಗತ್ತಲಿಗೆ ಮುನ್ನ ಊರು ಸೇರುವಂತೆ ಹೊತ್ತು ಇಟ್ಟುಕೊಳ್ಳಿ.