ಹೊಸ ಇಯರ್‌ಫೋನ್ ಕೊಳ್ಳುವ ಮುಂಚೆ ಟಿಪ್ ಸರಿಮಾಡಿ ನೋಡಿ

ಮನೆಯಲ್ಲೇ ಕೂತು ಆಡಿಯೋ ಕೇಳಿ ಟೈಪ್ ಮಾಡುವುದು ನನ್ನ ಕೆಲಸ. ಕೆಳಗಿನ ಮಳಿಗೆಯಲ್ಲಿ ಹಿಟ್ಟಿನ ಗಿರಣಿ ಇದೆ. ರಾಗಿ, ಗೋಧಿ, ಮೆಣಸಿನಕಾಯಿ ಅಂತ ಸಂಜೆವರೆಗೂ ಓಡುತ್ತಲೇ ಇರುತ್ತದೆ. ಇಂಥ ಜಾಗದಲ್ಲಿ ಇಯರ್‌ಫೋನ್ ಸರಿಯಾಗಿ ಕೂರದಿದ್ದರೆ ಕೈ ತಾನಾಗಿ ವಾಲ್ಯೂಮ್ ಕಡೆ ಹೋಗುತ್ತದೆ. ಕಿವಿ ಕೆಡುವುದೇ ಅಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಡೆಸಿಬಲ್ ಆದರೆ ಬರೀ 4 ಗಂಟೆ. ಹೊರಗಿನ ಗದ್ದಲವನ್ನು ಟಿಪ್ಪೇ, ಅಂದರೆ ಇಯರ್‌ಫೋನಿನ ತುದಿಯಲ್ಲಿ ಕಿವಿಯೊಳಗೆ ಕೂರುವ ಮೆತ್ತನೆ ಭಾಗವೇ, ತಡೆದುಬಿಟ್ಟರೆ ವಾಲ್ಯೂಮ್ ಏರಿಸುವ ಗೊಡವೆಯೇ ಇರುವುದಿಲ್ಲ, ಅಲ್ವಾ?

ಮೊದಲು ಎಲ್ಲಿ ಸೋರುತ್ತಿದೆ ಅಂತ ಪತ್ತೆ ಮಾಡಿ. ತಬಲಾ ಅಥವಾ ಡ್ರಮ್ ಚೆನ್ನಾಗಿರುವ ಒಂದು ಹಾಡು ಹಾಕಿ. ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಒತ್ತಿದ ಕೂಡಲೇ ಬೇಸ್ (ತಗ್ಗಿನ ದಪ್ಪ ಸದ್ದು) ಜಾಸ್ತಿಯಾದರೆ ಟಿಪ್ ಸುತ್ತ ಸಂದಿ ಇದೆ ಅಂತ ಅರ್ಥ. ಆಮೇಲೆ ಬಾಯಿ ಅಗಲಿಸಿ ಮುಚ್ಚಿ. ದವಡೆ ಆಡಿದಾಗ ಕಿವಿಯ ನಾಳದ ಆಕಾರವೂ ಸ್ವಲ್ಪ ಬದಲಾಗುತ್ತದೆ. ಆಗ ಸದ್ದು ಏರುಪೇರಾದರೂ ಅದೇ ತೊಂದರೆ. ಎರಡೂ ಕಿವಿಯನ್ನು ಬೇರೆ ಬೇರೆಯಾಗಿ ನೋಡಿ. ನನ್ನ ಎಡಗಿವಿಗೆ ಮೀಡಿಯಂ, ಬಲಗಿವಿಗೆ ಸ್ಮಾಲ್ ಬೇಕು. ಡಬ್ಬಿಯಲ್ಲಿ ಬಂದ ಮೂರು ಜೊತೆಯಲ್ಲಿ ಹೀಗೆ ಬೆರೆಸಿ ಹಾಕಿಕೊಂಡರೆ ಎಷ್ಟೋ ಜನರ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ನಾನು ಮೊದಲು ಹೇಳುವುದು ಸಿಲಿಕೋನ್ ಟಿಪ್ಪಿನೊಳಗೆ ಫೋಮ್ ತುಂಬುವ ಉಪಾಯ. ಟಿಪ್ ಬಿಚ್ಚಿ ತಿರುಗಿಸಿ ನೋಡಿ. ನಡುವೆ ಒಂದು ಕೊಳವೆ, ಸುತ್ತ ಕೊಡೆಯಂಥ ಅಂಚು, ಎರಡರ ಮಧ್ಯೆ ಖಾಲಿ ಜಾಗ. ಕಿವಿಯೊಳಗೆ ಆ ಅಂಚು ಒಂದು ಕಡೆ ಮಡಚಿಕೊಂಡರೆ ಗದ್ದಲ ನುಗ್ಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಒಂದನ್ನು ತಂದು, ಹೊಸ ಬ್ಲೇಡಿನಿಂದ 3 ಮಿ.ಮೀ. ಅಗಲದ ತೆಳು ಪಟ್ಟಿ ಕೊಯ್ಯಿರಿ. ಅದನ್ನು ಕೊಳವೆಗೆ ಒಂದು ಸುತ್ತು ಸುತ್ತಿ ಖಾಲಿ ಜಾಗಕ್ಕೆ ತುಂಬಿ. ಗಿಡಿಯಬೇಡಿ. ಬೆರಳಲ್ಲಿ ಹಿಸುಕಿದರೆ ಅಂಚು ಸುಲಭವಾಗಿ ಒಳಗೆ ಹೋಗಬೇಕು, ಬಿಟ್ಟರೆ ನಿಧಾನವಾಗಿ ಅರಳಬೇಕು. ಬಿರುಸಾಗಿದ್ದರೆ ಸ್ವಲ್ಪ ಹೊತ್ತಿಗೇ ಕಿವಿ ನೋಯುತ್ತದೆ. ದಿನಾ ನಾನು ಬಳಸುವುದು ಇದನ್ನೇ. ಮಾತು ಸ್ಪಷ್ಟವಾಗಿ ಕೇಳುತ್ತದೆ, ಗಿರಣಿ ದೂರ ಹೋದ ಹಾಗಿರುತ್ತದೆ.

ಗದ್ದಲ ಇನ್ನೂ ಕಮ್ಮಿಯಾಗಬೇಕು ಅಂದರೆ ಪೂರಾ ಫೋಮ್ ಟಿಪ್ ಮಾಡಿಕೊಳ್ಳಿ. ಇದಕ್ಕೆ ಕೈ ಸ್ವಲ್ಪ ಸೂಕ್ಷ್ಮವಾಗಿರಬೇಕು. ಇಯರ್‌ಪ್ಲಗ್ಗಿನ ಚೂಪಾದ ತುದಿ ಕಡೆಯಿಂದ 12 ಮಿ.ಮೀ. ಅಳೆದು ಕತ್ತರಿಸಿ. ಆ ತುಂಡನ್ನು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಡಿ. ಈ ಜಾತಿಯ ಫೋಮ್ ತಣ್ಣಗಾದರೆ ಗಟ್ಟಿಯಾಗುತ್ತದೆ, ಆಗ ತೂತು ನೇರವಾಗಿ ಬರುತ್ತದೆ. ಬೆಲ್ಟಿಗೆ ತೂತು ಹಾಕುವ ಕೊಳವೆ ಪಂಚ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 4 ಮಿ.ಮೀ. ಅಳತೆಯದು ಸಾಕು. ಫೋಮನ್ನು ಮರದ ಹಲಗೆ ಮೇಲೆ ನಿಲ್ಲಿಸಿ, ಪಂಚನ್ನು ನಡುಮಧ್ಯಕ್ಕಿಟ್ಟು, ಅಂಗೈಯಲ್ಲಿ ಹಗುರಾಗಿ ಒತ್ತುತ್ತಾ ತಿರುಗಿಸಿ. ಸುತ್ತಿಗೆಯಲ್ಲಿ ಹೊಡೆದರೆ ಫೋಮ್ ಅಪ್ಪಚ್ಚಿಯಾಗಿ ತೂತು ಸೊಟ್ಟಗಾಗುತ್ತದೆ. ಕೋಣೆಯ ಶಾಖಕ್ಕೆ ಬೇಗ ಮೆತ್ತಗಾಗುವುದರಿಂದ ಬೇಗ ಬೇಗ ಮಾಡಿ ಮುಗಿಸಿ.

ಈಗ ಒಂದು ಹಳೇ ಸಿಲಿಕೋನ್ ಟಿಪ್ ತಗೊಂಡು, ಸುತ್ತಲಿನ ಅಂಚನ್ನು ಸಣ್ಣ ಕತ್ತರಿಯಲ್ಲಿ ತೆಗೆದುಹಾಕಿ. ನಡುವಿನ ಕೊಳವೆ ಮಾತ್ರ ಉಳಿಯಲಿ. ಅದನ್ನು ಇಯರ್‌ಫೋನಿನ ಮೂತಿಗೆ ಕೂರಿಸಿ, ಅದರ ಮೇಲೆ ಫೋಮನ್ನು ತಿರುಗಿಸುತ್ತಾ ಏರಿಸಿ. ಕೊಳವೆಯ ತುದಿ ಫೋಮಿಗಿಂತ ಒಂದು ಮಿ.ಮೀ.ನಷ್ಟು ಒಳಗಿರಬೇಕು, ಇಲ್ಲದಿದ್ದರೆ ಕಿವಿಗೆ ಚುಚ್ಚುತ್ತದೆ. ತೀರಾ ಒಳಗಿದ್ದರೂ ಕಷ್ಟ. ಮುಂದಿನ ಫೋಮ್ ಮುಚ್ಚಿಕೊಂಡು ಟ್ರೆಬಲ್ (ಮೇಲಿನ ಚೂಪು ಸದ್ದು) ಸತ್ತುಹೋಗುತ್ತದೆ. ಹಾಡಿಗೆ ಅದು ನಡೆದೀತು. ನನಗೆ ನಡೆಯುವುದಿಲ್ಲ. ಮಾತಾಡಿದವರು ‘ಶಾರದಾ’ ಅಂದರೋ ‘ಸಾರದಾ’ ಅಂದರೋ ಗೊತ್ತಾಗದಿದ್ದರೆ ಟೈಪ್ ಮಾಡುವುದು ಹೇಗೆ?

ಗಮ್ ಮಾತ್ರ ಬೇಡವೇ ಬೇಡ. ಫೆವಿಕ್ವಿಕ್ ಥರದ್ದು ಒಣಗಿದ ಮೇಲೆ ಕಲ್ಲಿನಷ್ಟು ಗಟ್ಟಿ, ಕಿವಿಯ ಚರ್ಮವೋ ಬಹಳ ತೆಳು. ಬಿಗಿ ಸಾಲದಿದ್ದರೆ 3 ಮಿ.ಮೀ. ಪಂಚಿನಲ್ಲಿ ಇನ್ನೊಂದು ತುಂಡಿಗೆ ತೂತು ಹಾಕಿ. ಮುಗಿದ ಮೇಲೆ ಫೋಮನ್ನು ಬೆರಳಲ್ಲಿ ಹಿಡಿದು ಜೋರಾಗಿ ಎಳೆಯಿರಿ. ಕಳಚಿ ಬಂದರೆ ಅದನ್ನು ಕಿವಿಗೆ ಹಾಕಲೇಬೇಡಿ. ಕಿವಿಯೊಳಗೆ ಬಿಟ್ಟುಹೋದರೆ ಪಿನ್ನು, ಕಡ್ಡಿ ಹಾಕಿ ಕೆದಕುವ ಕೆಲಸ ಬೇಡ. ನೇರವಾಗಿ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಕಿವಿಯ ನಾಳ ನೆಟ್ಟಗಿಲ್ಲ, ಬಾಗಿದೆ. ಫೋಮನ್ನು ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ನಾಳ ಸ್ವಲ್ಪ ನೇರವಾಗುತ್ತದೆ. ಆಗ ಒಳಗಿಟ್ಟು, ಫೋಮ್ ಅರಳುವ ತನಕ ಅರ್ಧ ನಿಮಿಷ ಹಿಡಿದುಕೊಳ್ಳಿ. ಇಯರ್‌ಪ್ಲಗ್ ಪ್ಯಾಕೆಟ್ಟಿನ ಮೇಲೆ ಎನ್‌ಆರ್‌ಆರ್ ಅಂತ, ಅದು ಎಷ್ಟು ಸದ್ದು ತಡೆಯುತ್ತದೆ ಅನ್ನುವ ಒಂದು ಅಂಕಿ ಇರುತ್ತದೆ. 3ಎಂ ಕಂಪನಿಯ 1100 ಅನ್ನುವ ಇಯರ್‌ಪ್ಲಗ್ಗಿಗೆ ಅದು 29 ಡೆಸಿಬಲ್. ತೂತು ಹಾಕಿದ ಮೇಲೆ ಅಷ್ಟೂ ಸಿಗುತ್ತದೆ ಅಂದುಕೊಳ್ಳಬೇಡಿ. ಆದರೂ ಬಸ್ಸು, ಮಿಕ್ಸಿ ಸದ್ದು ಚೆನ್ನಾಗಿ ಇಳಿಯುತ್ತದೆ. ಹಾಗಾಗಿಯೇ ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಇವನ್ನು ಹಾಕಬೇಡಿ.

ಸಿಲಿಕೋನ್ ಟಿಪ್ಪನ್ನು ಇಯರ್‌ಫೋನಿನಿಂದ ಬಿಚ್ಚಿ, ಒಳಗಿನ ಫೋಮ್ ತೆಗೆದು, ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಫೋಮಿಗೆ ಸ್ಪಿರಿಟ್ ಹಾಕಬೇಡಿ, ಹಾಳಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಿಸುಕಿದಾಗ ಮತ್ತೆ ಅರಳದೆ ಹಾಗೇ ಉಳಿದರೆ, ಗುಗ್ಗೆ ಹತ್ತಿ ಬಿಗುವಾದರೆ ಎಸೆದು ಹೊಸದು ಮಾಡಿಕೊಳ್ಳಿ. ಕಿವಿ ಸೋರುತ್ತಿದ್ದರೆ, ಒಳಗೆ ನೋವಿದ್ದರೆ ವಾಸಿಯಾಗುವ ತನಕ ಯಾವ ಟಿಪ್ಪೂ ಬೇಡ.

ವೈರ್ ಇಲ್ಲದ ಬಡ್ಸ್ ಇರುವವರು ಇನ್ನೊಂದು ನೋಡಬೇಕು. ಟಿಪ್ ದಪ್ಪವಾದರೆ ಬಡ್ ಡಬ್ಬಿಯಲ್ಲಿ ಮೇಲೆದ್ದು ಕೂರುತ್ತದೆ, ಚಾರ್ಜ್ ಆಗುವುದಿಲ್ಲ. ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ತೆರೆದು, ಫೋನಿನಲ್ಲಿ ಎರಡೂ ಬಡ್ಡಿನ ಬ್ಯಾಟರಿ ಏರಿದೆಯಾ ನೋಡಿ. ಏರದಿದ್ದರೆ ಫೋಮನ್ನು 2 ಮಿ.ಮೀ. ಗಿಡ್ಡ ಮಾಡಿ, ಒಳಗಿನ ಕೊಳವೆಯನ್ನೂ ಅಷ್ಟೇ ಕತ್ತರಿಸಿ.